ಬೆನ್ನುಹುರಿ ಗಡ್ಡೆಯ ಪ್ರಾಣಿ ಮಾದರಿ: ಮೊದಲು ಸ್ಕ್ಯಾನರ್, ಆಮೇಲೆ ಪ್ರಾಣಿ, ಕೊನೆಗೆ ಗಡ್ಡೆ

ಸಂಶೋಧನೆಗಾಗಿ ಪ್ರಾಣಿಯ ಬೆನ್ನಿನಲ್ಲಿ ಗಡ್ಡೆ ಬೆಳೆಸಿ ಸ್ಕ್ಯಾನ್ ಮಾಡುವ ಬೀದರ್, ಕಲಬುರಗಿ ಕಡೆಯ ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಬರುವ ದೂರು ಹೆಚ್ಚುಕಮ್ಮಿ ಒಂದೇ. "ಸರ, ಗಡ್ಡಿ ಇಟ್ಟು ಮೂರು ವಾರ ಆತು, ಹಿಂಗಾಲು ಎಳಿಲಾಕತ್ತದ, ಎಂಆರ್‌ಐನಾಗ ಏನೂ ಕಾಣವಲ್ದು." ಇಲ್ಲವೇ ಇದರ ತಿರುಗುಮುರುಗು: ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಏನೋ ಇದೆ, ಕೊಯ್ದು ನೋಡಿದರೆ ಕೀವು ಅಥವಾ ಹೆಪ್ಪುಗಟ್ಟಿದ ರಕ್ತ.

ಎರಡಕ್ಕೂ ಕಾರಣ ಕೈಚಳಕದ ಕೊರತೆಯಲ್ಲ, ಕೆಲಸದ ಕ್ರಮ ತಪ್ಪಿದ್ದು. ಮೊದಲು ಪ್ರಾಣಿ ತರಿಸುತ್ತಾರೆ, ಆಮೇಲೆ ಸಿಕ್ಕ ಕೋಶ ಹಾಕುತ್ತಾರೆ, ಕಟ್ಟಕಡೆಗೆ ಯಾವ ಆಸ್ಪತ್ರೆಯ ಸ್ಕ್ಯಾನರ್ ಸಿಗುತ್ತದೆಂದು ಓಡಾಡುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಈ ಮಾರ್ಗದರ್ಶಿ ಆ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಪಶುವೈದ್ಯ, ವೈದ್ಯ, ಫಾರ್ಮಸಿ ಮೂರೂ ಕಡೆಯವರಿಗಾಗಿ ಬರೆದದ್ದು. ಶಸ್ತ್ರಕ್ರಿಯೆ ಮಾತ್ರ ತರಬೇತಾದ ಪಶುವೈದ್ಯರು ಜೊತೆಗಿಲ್ಲದೆ ಬೇಡ.

## ಹಂತ 1: ಕೈಗೆಟುಕುವ ಯಂತ್ರ ಯಾವುದು ನೋಡಿ

ಸಣ್ಣ ಪ್ರಾಣಿಗಳಿಗೆಂದೇ ಇರುವ 7 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ), 9.4 ಟೆಸ್ಲಾ ಎಂಆರ್‌ಐ ದೊಡ್ಡ ಸಂಶೋಧನಾ ಕೇಂದ್ರಗಳ ಮಾತು. ನಮ್ಮ ಕಡೆ ಎಟುಕುವುದು ಮನುಷ್ಯರ 1.5 ಅಥವಾ 3 ಟೆಸ್ಲಾ ಯಂತ್ರ, ಅದೂ ಹಗಲಿನ ರೋಗಿಗಳೆಲ್ಲ ಮುಗಿದ ಮೇಲೆ. ಹಾಗಾಗಿ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು.

100 ಮಿ.ಮೀ. ಚೌಕವನ್ನು 256 ಭಾಗ ಮಾಡಿದರೆ ಒಂದು ಚುಕ್ಕೆ ಸುಮಾರು 0.4 ಮಿ.ಮೀ. ಆಗುತ್ತದೆ. ಸುಂಡಿಲಿಯ (ಮೌಸ್) ಬೆನ್ನುಹುರಿಯ ಅಗಲ 2 ಮಿ.ಮೀ. ಕೂಡ ಇರುವುದಿಲ್ಲ, ಅಂದರೆ ಇಡೀ ಹುರಿಗೆ ನಾಲ್ಕೈದು ಚುಕ್ಕೆ. ಅದರೊಳಗೆ ಗಡ್ಡೆ ಹುಡುಕುವುದು ಭ್ರಮೆ. ಇಲಿಯ (ರ್ಯಾಟ್) ಹುರಿ ಸುಮಾರು 3 ಮಿ.ಮೀ., ಏಳೆಂಟು ಚುಕ್ಕೆ. ಮಣಿಕಟ್ಟಿನ ಅಥವಾ ಬೆರಳಿನ ಕಾಯಿಲ್ (ಅಂಗದ ಹತ್ತಿರವಿಟ್ಟು ಸಂಕೇತ ಹಿಡಿಯುವ ಸುರುಳಿ) ಸಿಕ್ಕರೆ ಹೆಣಗಬಹುದು. ಎರಡೂವರೆ–ಮೂರು ಕೆಜಿಯ ನ್ಯೂಜಿಲೆಂಡ್ ಬಿಳಿ ಮೊಲ ಮಂಡಿಯ ಕಾಯಿಲ್‌ನಲ್ಲಿ ಚೆನ್ನಾಗಿ ಕೂರುತ್ತದೆ, ಮೂಳೆಯೂ ಹುರಿಯೂ ಬೇರೆಬೇರೆಯಾಗಿ ಕಾಣುತ್ತವೆ.

ನನ್ನ ಅಭಿಪ್ರಾಯ ಖಚಿತ: ಮನುಷ್ಯರ ಯಂತ್ರವೇ ಗತಿಯಾದರೆ ಮೊಲಕ್ಕೆ ಹೋಗಿ. ಸುಂಡಿಲಿ ಅಗ್ಗ, ಜಾಗ ಕಡಿಮೆ ಎಂಬುದೆಲ್ಲ ನಿಜ. ಆದರೆ ಕಾಣದ ಗಡ್ಡೆಗೆ ಪ್ರಾಣಿ ಬಲಿ ಕೊಡುವುದಕ್ಕೆ ಸಮರ್ಥನೆ ಇಲ್ಲ. ಬೆಳಕು ಸೂಸುವ ಕೋಶಗಳ ಕ್ಯಾಮೆರಾ ಇರುವವರು ಸುಂಡಿಲಿ ಬಳಸಬಹುದು. ಆ ಕೋಶಗಳನ್ನು ಬೆಳಗಿಸುವ ಲೂಸಿಫೆರಿನ್ ಕೆಜಿಗೆ 150 ಮಿ.ಗ್ರಾಂ. ಹೊಟ್ಟೆಯೊಳಗೆ ಕೊಟ್ಟು 10–15 ನಿಮಿಷ ಬಿಟ್ಟು ಚಿತ್ರ ತೆಗೆಯುವುದು ರೂಢಿ. ಆದರೆ ಆ ಬೆಳಕು ಹುರಿಯದೋ ಪಕ್ಕದ ಸ್ನಾಯುವಿಗೆ ಸೋರಿದ ಕೋಶಗಳದೋ ಎಂದು ಅದೊಂದೇ ಹೇಳಲಾರದು.

## ಹಂತ 2: ಪ್ರಶ್ನೆಗೆ ತಕ್ಕ ಗಡ್ಡೆ

ಹುರಿಯೊಳಗಿನ ಗಡ್ಡೆಯೇ ಬೇಕೆಂದರೆ ಇಲಿ. ಎಫ್98 ಮತ್ತು 9ಎಲ್ ಎಂಬ ಮೆದುಳುಗಡ್ಡೆಯ ಕೋಶಗಳು ಫಿಷರ್ 344 ತಳಿಯವು, ಅದೇ ತಳಿಯ ಇಲಿಗೇ ಹಾಕಬೇಕು. ಅಂಥದೇ ಇನ್ನೊಂದಾದ ಸಿ6 ಕೋಶ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಸುಲಭವಾಗಿ ಸಿಗುತ್ತದೆಂದು ಎಲ್ಲರೂ ಅದನ್ನೇ ವಿಸ್ಟಾರ್ ಇಲಿಗೆ ಹಾಕುತ್ತಾರೆ. ಮುಕ್ತ ಸಂತಾನದ ವಿಸ್ಟಾರ್‌ನಲ್ಲಿ ಸಿ6 ಪರಕೀಯವಾಗಿ ರೋಗನಿರೋಧಕ ಶಕ್ತಿಯ ಕಣ್ಣಿಗೆ ಬೀಳುತ್ತದೆ, ಕೆಲವು ಗಡ್ಡೆಗಳು ತಾವಾಗಿಯೇ ಕರಗುತ್ತವೆ. ಔಷಧ ಪರೀಕ್ಷೆಗೆ ಹೊರಟವರಿಗೆ ಇದು ಉರುಳು: ಔಷಧಿಯಿಂದ ಕರಗಿತೋ ತಾನೇ ಕರಗಿತೋ?

ಮೂಳೆಗೆ ಹರಡಿದ ಕ್ಯಾನ್ಸರ್ ಹುರಿಯನ್ನು ಒತ್ತುವ ಮಾದರಿ ಬೇಕೆಂದರೆ ಮೊಲದ ವಿಎಕ್ಸ್2 ಗಡ್ಡೆ. ಇದು ಮೊಲದ್ದೇ ಗಡ್ಡೆ. ಮನುಷ್ಯರ ಸ್ತನ, ಪ್ರಾಸ್ಟೇಟ್ ಕ್ಯಾನ್ಸರಿನ ಪ್ರತಿನಿಧಿಯೆಂದು ಬರೆದುಕೊಳ್ಳಬೇಡಿ. ಚಿತ್ರಣ, ಗಡ್ಡೆಗೆ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆ, ಮೂಳೆಗೆ ಸಿಮೆಂಟ್ ತುಂಬುವಿಕೆ ಮುಂತಾದವುಗಳ ಅಧ್ಯಯನಕ್ಕೆ ಇದು ಸರಿ, ಅಣುಮಟ್ಟದ ಔಷಧ ಗುರಿಗಳಿಗೆ ಅಲ್ಲ.

ಇನ್ನೊಂದು ದಾರಿಯೂ ಉಂಟು. ನಾಯಿಗಳಿಗೆ ಬೆನ್ನುಹುರಿಯ ಪೊರೆಯ ಗಡ್ಡೆ, ಕಶೇರುವಿನ (ಬೆನ್ನುಮೂಳೆಯ ಮಣಿಯ) ಮೂಳೆ ಕ್ಯಾನ್ಸರ್ ತಾವಾಗಿಯೇ ಬರುತ್ತವೆ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವಾಗ, ನಿಮ್ಮ ಪ್ರಶ್ನೆ ಬರೀ ಚಿತ್ರಣದ್ದಾಗಿದ್ದರೆ, ಮಾಲೀಕರ ಒಪ್ಪಿಗೆ ಪಡೆದು ಇಂಥ ರೋಗಿ ನಾಯಿಗಳ ಸ್ಕ್ಯಾನ್ ಕೂಡಿಸುವುದು ಸಾಧ್ಯವೇ ಎಂದು ಮೊದಲು ಕೇಳಿ. ಒಂದೂ ಪ್ರಾಣಿಗೆ ಗಡ್ಡೆ ಹಾಕದೆ ಪ್ರಬಂಧ ಮುಗಿಯಬಹುದು.

ಇಲ್ಲಿಂದ ಮುಂದೆ ಮೊಲದ ವಿಎಕ್ಸ್2 ಮಾದರಿಯನ್ನೇ ಹಿಡಿದು ಹೇಳುತ್ತೇನೆ, ಇಲಿಗೆ ಬೇರೆಯಾಗುವ ಕಡೆ ಮಾತ್ರ ಬೇರೆಯಾಗಿ.

## ಹಂತ 3: ಕಾಗದಪತ್ರ

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಪ್ರಾಣಿ ಮನೆ ಕೇಂದ್ರದ ಪ್ರಾಣಿ ಪ್ರಯೋಗ ನಿಯಂತ್ರಣ ಸಮಿತಿಯಾದ ಸಿಸಿಎಸ್‌ಇಎಯಲ್ಲಿ ನೋಂದಣಿಯಾಗಿರಬೇಕು; ನಿಮ್ಮ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಬೆಳಕು ಸೂಸುವಂತೆ ಲೂಸಿಫೆರೇಸ್ ಜೀನ್ ಸೇರಿಸಿದ ಕೋಶವಾದರೆ ಜೈವಿಕ ಸುರಕ್ಷತಾ ಸಮಿತಿಯದೂ ಸೇರಿಸಿ. ಅರಿವಳಿಕೆಗೆ ಬಳಸುವ ಕೆಟಮಿನ್ ಮಾದಕ ವಸ್ತುಗಳ ಕಾಯ್ದೆಯಡಿ ಬರುವ ಔಷಧ, ಬೀಗ ಮತ್ತು ದಾಖಲೆ ಪುಸ್ತಕ ತಪ್ಪಿಸುವಂತಿಲ್ಲ. ಮನುಷ್ಯರ ಯಂತ್ರ ಬಳಸಲು ಆಸ್ಪತ್ರೆಯ ಲಿಖಿತ ಅನುಮತಿ ಪಡೆಯಿರಿ. ಸೋಂಕು ನಿಯಂತ್ರಣದವರು, ಸಿಟಿಗಾದರೆ ವಿಕಿರಣ ಸುರಕ್ಷತಾ ಅಧಿಕಾರಿ, ಇಬ್ಬರ ಸಹಿಯೂ ಅದರಲ್ಲಿರಲಿ. ಬಾಯಿಮಾತಿನ ಒಪ್ಪಿಗೆ ಅಧೀಕ್ಷಕರು ಬದಲಾದ ದಿನ ಬಿದ್ದುಹೋಗುತ್ತದೆ.

ಅರ್ಜಿಯಲ್ಲಿ ಎರಡು ಸಂಗತಿ ಈಗಲೇ ಬರೆದಿಡಿ: ಯಾವ ಪ್ರಾಣಿಯನ್ನು ಲೆಕ್ಕದಿಂದ ಕೈಬಿಡುತ್ತೀರಿ, ಯಾವ ಲಕ್ಷಣ ಕಂಡರೆ ದಯಾಮರಣ ಕೊಡುತ್ತೀರಿ. ಫಲಿತಾಂಶ ನೋಡಿದ ಮೇಲೆ ಬರೆದ ನಿಯಮವನ್ನು ಯಾರೂ ನಂಬುವುದಿಲ್ಲ.

## ಹಂತ 4: ಬೇಸಿಗೆಗೆ ತಯಾರಾದ ಪ್ರಾಣಿ ಮನೆ

ನಮ್ಮ ಕಡೆ ಏಪ್ರಿಲ್–ಮೇನಲ್ಲಿ ಪಾರಾ 40 ದಾಟುತ್ತದೆ. ಮೊಲಕ್ಕೆ 30 ದಾಟಿದರೇ ಸಂಕಟ. ಮೂಗು ಅಗಲಿಸಿ ಬಾಯಿ ತೆರೆದು ಉಸಿರಾಡಿತೆಂದರೆ ಆಗಲೇ ತಡವಾಗಿದೆ. ಶಸ್ತ್ರಕ್ರಿಯೆಗೆ ಒಳಪಡುವ ಮೊಲಗಳ ತಂಡವನ್ನು ನವೆಂಬರ್–ಫೆಬ್ರವರಿಗೆ ಇಟ್ಟುಕೊಳ್ಳಿ. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಪ್ರಾಣಿ ತರಿಸುವುದಾದರೆ ರಾತ್ರಿ ಪ್ರಯಾಣವೇ ಒಳ್ಳೆಯದು. ಬಂದ ಮೇಲೆ ಕನಿಷ್ಠ ಒಂದು ವಾರ ಮುಟ್ಟಬೇಡಿ. ಎಸಿಗೆ ಜನರೇಟರ್ ಇದೆಯೇ, ಅದರಲ್ಲಿ ಡೀಸೆಲ್ ಇದೆಯೇ ಎಂದು ನೀವೇ ನೋಡಿ. ಇದೆ ಎಂದು ಹೇಳಿದ್ದನ್ನು ನಂಬಿ ಮನೆಗೆ ಹೋಗಬೇಡಿ.

ಮೊಲ ಹಿಡಿಯುವ ರೀತಿ ಇಲ್ಲಿ ಬರೀ ಶಿಸ್ತಿನ ಮಾತಲ್ಲ, ಫಲಿತಾಂಶದ ಮಾತು. ಅದರ ಹಿಂಗಾಲಿನ ಸ್ನಾಯು ಬಲವಾದದ್ದು, ಮೂಳೆ ಹಗುರ. ಹೆದರಿ ಒದ್ದುಕೊಂಡಾಗ ಹಿಂಭಾಗಕ್ಕೆ ಆಸರೆ ಇಲ್ಲದಿದ್ದರೆ ತನ್ನ ಸೊಂಟದ ಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ. ಮರುದಿನ ಹಿಂಗಾಲು ಎಳೆಯುತ್ತದೆ, ನೀವು ಗಡ್ಡೆ ಎಂದು ಬರೆಯುತ್ತೀರಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ, ತಲೆ ನಿಮ್ಮ ಕಂಕುಳಿಗೆ. ಪ್ರಾಣಿ ಮನೆಯ ಸಹಾಯಕರಿಗೂ ಇದನ್ನು ಕೈಹಿಡಿದು ಕಲಿಸಿ, ದಿನಾ ಎತ್ತುವವರು ಅವರೇ.

## ಹಂತ 5: ಆರೋಗ್ಯವಂತ ಮೊಲದ ಸ್ಕ್ಯಾನ್

ಎಲ್ಲರೂ ಹಾರಿಸಿಬಿಡುವ ಹಂತ ಇದೇ, ನಾನು ಹೆಚ್ಚು ಜಾಗ ಕೊಡುತ್ತಿರುವುದೂ ಇದಕ್ಕೇ. ಗಡ್ಡೆ ಇಡುವ ಮೊದಲು, ಗಡ್ಡೆ ಇಲ್ಲದ ಪ್ರಾಣಿಯ ಪೂರ್ತಿ ಸ್ಕ್ಯಾನ್ ಅದೇ ಯಂತ್ರದಲ್ಲಿ, ಅದೇ ಕಾಯಿಲ್‌ನಲ್ಲಿ, ಅದೇ ತಂತ್ರಜ್ಞರ ಕೈಯಲ್ಲಿ ಆಗಬೇಕು. ಅದರಲ್ಲಿ ಹುರಿ, ಸುತ್ತಲಿನ ದ್ರವ, ಮೂಳೆಯ ಮಜ್ಜೆ ಮೂರೂ ಬೇರೆಬೇರೆಯಾಗಿ ಕಂಡ ಮೇಲೆಯೇ ಮುಂದಿನ ಹೆಜ್ಜೆ.

ಕೆಟಮಿನ್ ಕೆಜಿಗೆ 35 ಮಿ.ಗ್ರಾಂ., ಝೈಲಝಿನ್ ಕೆಜಿಗೆ 5 ಮಿ.ಗ್ರಾಂ. ಸ್ನಾಯುವಿಗೆ ಕೊಡುವುದು ಮೊಲಕ್ಕೆ ರೂಢಿಯಲ್ಲಿರುವ ಪ್ರಮಾಣ. ಅಂತಿಮ ಮಾತು ನಿಮ್ಮ ಪಶುವೈದ್ಯರದು. ಸಿಗುವ ಸಮಯ ಸುಮಾರು ಅರ್ಧ–ಮುಕ್ಕಾಲು ಗಂಟೆ. ಮೊಲ ವಾಂತಿ ಮಾಡುವುದಿಲ್ಲ, ಹಾಗಾಗಿ ರಾತ್ರಿಯಿಡೀ ಉಪವಾಸ ಕೆಡವಬೇಡಿ, ಕರುಳು ನಿಂತುಬಿಡುತ್ತದೆ.

ಕಿವಿಯಂಚಿನ ರಕ್ತನಾಳಕ್ಕೆ 24 ಗೇಜ್ ಕ್ಯಾನುಲಾ ಹೊರಗೇ ಹಾಕಿಕೊಂಡು ಒಳಗೆ ಹೋಗಿ. ಕಾಂಟ್ರಾಸ್ಟ್‌ನಲ್ಲಿ ಒಂದು ಚಿಕ್ಕ ಲೆಕ್ಕ ಎಷ್ಟೋ ಜನರನ್ನು ಕೆಡಿಸಿದೆ. ಚಿತ್ರದಲ್ಲಿ ಗಡ್ಡೆ ಹೊಳೆಯುವಂತೆ ಮಾಡುವ ಕಾಂಟ್ರಾಸ್ಟ್ ಔಷಧವಾದ ಗ್ಯಾಡೊಲಿನಿಯಮ್ ಕೆಜಿಗೆ 0.1 ಮಿಲಿಮೋಲ್ ಎಂದರೆ, ಮಿ.ಲೀ.ಗೆ 0.5 ಮಿಲಿಮೋಲ್ ಇರುವ ಬಾಟಲಿಯಿಂದ, 3 ಕೆಜಿ ಮೊಲಕ್ಕೆ ಬರೀ 0.6 ಮಿ.ಲೀ. ಮನುಷ್ಯರಿಗೆ ಬಳಸುವ ಉದ್ದ ಎಕ್ಸ್‌ಟೆನ್ಷನ್ ಟ್ಯೂಬ್ ಜೋಡಿಸಿದರೆ ಔಷಧವೆಲ್ಲ ಆ ಟ್ಯೂಬಿನಲ್ಲೇ ಉಳಿಯುತ್ತದೆ, ಪ್ರಾಣಿಗೆ ಹನಿಯೂ ಹೋಗಿರುವುದಿಲ್ಲ. "ಕಾಂಟ್ರಾಸ್ಟ್ ಹಿಡಿಯಲೇ ಇಲ್ಲ" ಎಂಬ ಎಷ್ಟೋ ವರದಿಗಳ ಹಿಂದೆ ಇರುವುದು ಈ ಟ್ಯೂಬು. ಕ್ಯಾನುಲಾಗೇ ನೇರ ಕೊಡಿ, ಹಿಂದೆಯೇ ಸಲೈನ್‌ನಿಂದ ತಳ್ಳಿ.

ಪ್ರಾಣಿಯನ್ನು ಅಂಗಾತ ಮಲಗಿಸಿ, ಬೆನ್ನು ಕಾಯಿಲ್‌ಗೆ ತಾಗಿರಲಿ. ಬೋರಲು ಮಲಗಿಸಿದರೆ ಪ್ರತಿ ಉಸಿರಿಗೂ ಬೆನ್ನು ಏಳುತ್ತದೆ. ಅಂಗಾತವಾದರೆ ಏಳುವುದು ಹೊಟ್ಟೆ. ಹೊಟ್ಟೆಯ ಮೇಲೆ ಸ್ಯಾಚುರೇಷನ್ ಪಟ್ಟಿ (ಆ ಭಾಗದ ಸಂಕೇತ ಅಡಗಿಸುವ ಯಂತ್ರದ ಆಯ್ಕೆ) ಹಾಕಲು ತಂತ್ರಜ್ಞರಿಗೆ ಹೇಳಿ, ಕರುಳಿನ ಚಲನೆಯ ಗೆರೆಗಳು ಹುರಿಯ ಮೇಲೆ ಬೀಳುವುದು ತಗ್ಗುತ್ತದೆ. ಉದ್ದಸೀಳಿನ ಟಿ2 (ನೀರು ಬೆಳ್ಳಗೆ ಕಾಣುವ ಚಿತ್ರ) ಮೊದಲು, ಅಡ್ಡಸೀಳಿನ ಟಿ2 ಆಮೇಲೆ, ನಂತರ ಟಿ1 (ನೀರು ಕಪ್ಪಗೆ ಕಾಣುವ ಚಿತ್ರ), ಕೊನೆಗೆ ಕಾಂಟ್ರಾಸ್ಟ್ ಕೊಟ್ಟ ಟಿ1. ನಡುವೆ ಮೊಲ ಎಚ್ಚರಾದರೂ ಮುಖ್ಯ ಚಿತ್ರ ಕೈಯಲ್ಲಿರುತ್ತದೆ. ಸೀಳುಗಳ ದಪ್ಪ 1.5–2 ಮಿ.ಮೀ., ನಡುವೆ ಅಂತರ ಸೊನ್ನೆ. ಅಂತರ ಬಿಟ್ಟರೆ ಮುಂದೆ ಗಡ್ಡೆಯ ಗಾತ್ರ ಅಳೆಯುವಾಗ ಊಹೆ ಸೇರಿಕೊಳ್ಳುತ್ತದೆ.

ಎಂಆರ್‌ಐ ಕೋಣೆ ತಣ್ಣಗಿರುತ್ತದೆ, ಅರಿವಳಿಕೆಯಲ್ಲಿರುವ ಪ್ರಾಣಿ ಬೇಗ ಆರಿಹೋಗುತ್ತದೆ. ವಿದ್ಯುತ್ ಪ್ಯಾಡ್ ಒಳಗೆ ತರುವಂತಿಲ್ಲ. ಬೆಚ್ಚಗಿನ ನೀರಿನ ಚೀಲಗಳನ್ನು ಟವೆಲಿನಲ್ಲಿ ಸುತ್ತಿ ಪಕ್ಕಕ್ಕೆ ಇಡಿ, ಕಣ್ಣಿಗೆ ಮುಲಾಮು ಹಚ್ಚಿ. ಗುರುತಿಗೆ ಲೋಹದ ಕಿವಿಬಿಲ್ಲೆ ಬೇಡ. ಹಚ್ಚೆ ಅಥವಾ ಅಳಿಸದ ಮಸಿ ಸಾಕು. ಕೆಲಸ ಮುಗಿದ ಮೇಲೆ ಕಾಯಿಲ್ ಮೇಲೆ ಒಂದು ಕೂದಲೂ ಉಳಿಯದಂತೆ ಒರೆಸಿ ಕೊಡಿ. ಮುಂದಿನ ಬಾರಿ ಬಾಗಿಲು ತೆರೆಯುವುದು ಬಿಡುವುದು ಅದರ ಮೇಲಿದೆ.

## ಹಂತ 6: ಗಡ್ಡೆಯ ಮೂಲ

ವಿಎಕ್ಸ್2 ತಟ್ಟೆಯಲ್ಲಿ ಸುಲಭಕ್ಕೆ ಬೆಳೆಯುವುದಿಲ್ಲ; ವಾಹಕ ಮೊಲದ ತೊಡೆಯ ಸ್ನಾಯುವಿನಲ್ಲಿ ಬೆಳೆಸಿ ಸಾಗಿಸಬೇಕು. ಗಡ್ಡೆ ಕೊಯ್ದಾಗ ನಡುವೆ ಬೂದು ಬಣ್ಣದ ಮೆತ್ತನೆ ಭಾಗ ಕಾಣುತ್ತದೆ, ಅದು ಸತ್ತ ಅಂಗಾಂಶ. ಅಂಚಿನ ಗಟ್ಟಿ, ಬಿಳಿ-ಗುಲಾಬಿ ಭಾಗವನ್ನಷ್ಟೇ 1 ಮಿ.ಮೀ. ತುಣುಕು ಮಾಡಿ, ತಣ್ಣನೆಯ ದ್ರಾವಣದಲ್ಲಿಟ್ಟು ಆದಷ್ಟು ಬೇಗ ಬಳಸಿ. "ಗಡ್ಡೆ ಹಿಡಿಯಲಿಲ್ಲ" ಎನ್ನುವವರು ಸಾಮಾನ್ಯವಾಗಿ ಹಾಕಿರುವುದು ಆ ಬೂದು ಭಾಗವನ್ನು.

ಮೀಸಲು ತುಣುಕು ದ್ರವ ಸಾರಜನಕದಲ್ಲಿರಲಿ. ಕರೆಂಟು ಹೋದರೆ ಫ್ರೀಝರ್ ಕೈಕೊಡುತ್ತದೆ, ಸಾರಜನಕದ ಕ್ಯಾನು ಕೈಕೊಡುವುದಿಲ್ಲ. ಕೃತಕ ಗರ್ಭಧಾರಣೆ ಕೇಂದ್ರಗಳಿಗೆ ಸಾರಜನಕ ತಲುಪುವ ವ್ಯವಸ್ಥೆ ಎಲ್ಲ ಜಿಲ್ಲೆಗಳಲ್ಲೂ ಇದೆ, ತುಂಬಿಸುವುದು ಕಷ್ಟವಲ್ಲ. ವೀರ್ಯಕಡ್ಡಿ ಇರುವ ಕ್ಯಾನಿನಲ್ಲೇ ಗಡ್ಡೆಯನ್ನೂ ಇಡುವ ಜಾಣತನ ಮಾತ್ರ ಬೇಡ.

ಇಲಿಗೆ ಕೋಶ ಹಾಕುವವರು ಮೈಕೊಪ್ಲಾಸ್ಮ (ಕೋಶಗಳಿಗೆ ತಗಲುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ, ಜೀವಂತ ಕೋಶ ಶೇ. 90ಕ್ಕಿಂತ ಹೆಚ್ಚಿರಲಿ.

## ಹಂತ 7: ಮಟ್ಟ ಗುರುತಿಸಿ ಇಡುವುದು

ಮೊಲಕ್ಕೆ ಸಾಮಾನ್ಯವಾಗಿ 12 ಜೊತೆ ಪಕ್ಕೆಲುಬು, 7 ಸೊಂಟದ ಕಶೇರು. ಆದರೆ 13 ಪಕ್ಕೆಲುಬಿನ ಮೊಲಗಳೂ ಸಿಗುತ್ತವೆ. ಬೆರಳಿನಿಂದ ಎಣಿಸಿ ಎಲ್5 (ಸೊಂಟದ ಐದನೇ ಕಶೇರು) ಎಂದುಕೊಂಡದ್ದು ಎಲ್4 ಆಗಿರಬಹುದು. ಶಸ್ತ್ರಕ್ರಿಯೆಗೆ ಮೊದಲು ಸಿಟಿ ಅಥವಾ ಚಲಿಸುವ ಎಕ್ಸ್‌ರೇ ಯಂತ್ರವಾದ ಸಿ-ಆರ್ಮ್‌ನಲ್ಲಿ ಪಕ್ಕೆಲುಬಿನ ಕಡೆಯಿಂದಲೂ ತ್ರಿಕಾಸ್ಥಿಯ (ಸೊಂಟದ ಕೆಳಗಿನ ಮೂಳೆ) ಕಡೆಯಿಂದಲೂ ಎಣಿಸಿ ಬರೆದಿಡಿ.

ಇಲಿಯ ಅನುಭವದಿಂದ ಮೊಲಕ್ಕೆ ಬಂದವರಿಗೆ ಒಂದು ಎಚ್ಚರಿಕೆ. ಮೊಲದ ಹುರಿ ತ್ರಿಕಾಸ್ಥಿಯವರೆಗೂ ಇಳಿಯುತ್ತದೆ, ಎಲ್5ರಲ್ಲಿ ಗಡ್ಡೆ ಬೆಳೆದರೆ ಒತ್ತುವುದು ಹುರಿಯನ್ನೇ. ಇಲಿಯದು ಸೊಂಟದ ನಡುವೆಯೇ, ಸುಮಾರು ಎಲ್3–ಎಲ್4ರಲ್ಲಿ, ಮುಗಿಯುತ್ತದೆ. ಅಲ್ಲಿ ಎಲ್5ಕ್ಕೆ ಇಟ್ಟರೆ ಒತ್ತುವುದು ನರಗಳ ಗೊಂಚಲನ್ನು. ಇಲಿಯ ಹುರಿಯೊಳಗೆ ಹಾಕುವುದಾದರೆ ಎದೆಯ ಮಟ್ಟಕ್ಕೆ ಹೋಗಿ. ಸುಮಾರು 5 ಮೈಕ್ರೊಲೀಟರ್ ದ್ರವವನ್ನು ನಿಮಿಷಕ್ಕೆ 1 ಮೈಕ್ರೊಲೀಟರ್ ವೇಗದಲ್ಲಿ ಬಿಟ್ಟು, ಸೂಜಿಯನ್ನು ಕೆಲವು ನಿಮಿಷ ಅಲ್ಲೇ ಇರಿಸಿ ಆಮೇಲೆ ತೆಗೆಯಿರಿ. ಇಲ್ಲದಿದ್ದರೆ ಕೋಶವೆಲ್ಲ ಸೂಜಿಯ ಹಿಂದೆಯೇ ಹೊರಬರುತ್ತದೆ.

ಮೊಲದಲ್ಲಿ ಕ್ರಮ ಹೀಗೆ:

1. ಬೋರಲು ಮಲಗಿಸಿ, ಕೂದಲು ತೆಗೆದು, ಶುಚಿ ಮಾಡಿ, ಸೂಜಿಯೊಂದನ್ನು ಚುಚ್ಚಿ ಸಿ-ಆರ್ಮ್‌ನಲ್ಲಿ ಮಟ್ಟವನ್ನು ಮತ್ತೊಮ್ಮೆ ಖಚಿತ ಮಾಡಿಕೊಳ್ಳಿ. ನೋವುನಿವಾರಕ ಕೊಯ್ಯುವ ಮೊದಲೇ ಹೋಗಿರಲಿ.

2. ಕಶೇರುವಿನ ದೇಹಕ್ಕೆ ಪಕ್ಕದಿಂದ ಮೂಳೆಸೂಜಿ ಅಥವಾ ಸಣ್ಣ ಡ್ರಿಲ್‌ನಿಂದ ರಂಧ್ರ ಮಾಡಿ. ಡ್ರಿಲ್ ತುದಿಗೆ ಸಲೈನ್ ಬಿಡುತ್ತಿರಿ. ಉಜ್ಜಿದ ಲೋಹದ ಕಣ್ಣಿಗೆ ಕಾಣದ ಪುಡಿಯೂ ಎಂಆರ್‌ಐಯಲ್ಲಿ ದೊಡ್ಡ ಕಪ್ಪು ಕಲೆಯಾಗುತ್ತದೆ, ಚೆನ್ನಾಗಿ ತೊಳೆಯಿರಿ.

3. ರಕ್ತ ಒಸರುವುದು ನಿಂತ ಮೇಲೆ ತುಣುಕು ಇಡಿ. ರಕ್ತ ಜಿನುಗುತ್ತಿದ್ದರೆ ತುಣುಕು ತೇಲಿ ಹೊರಬರುತ್ತದೆ.

4. ಜೆಲಾಟಿನ್ ಸ್ಪಂಜಿನ ಚೂರು, ಅದರ ಮೇಲೆ ಮೂಳೆಮೇಣದ ತೆಳು ಪದರ. ದಪ್ಪ ಮೆತ್ತಿದರೆ ಚಿತ್ರದಲ್ಲಿ ಅದೇ ಕಪ್ಪಗೆ ಕೂತು ನೋಡಬೇಕಾದ್ದನ್ನು ಮುಚ್ಚುತ್ತದೆ.

5. ಇಲ್ಲಿ ನಿಲ್ಲಿ. ಕೈಗವಸು ಬದಲಿಸಿ, ಉಪಕರಣ ಬದಲಿಸಿ, ಗಾಯ ತೊಳೆಯಿರಿ. ಈ ಎರಡು ನಿಮಿಷ ಉಳಿಸಿದವರ ಮೊಲಗಳಲ್ಲಿ ಗಡ್ಡೆ ಮೂಳೆಯಲ್ಲಲ್ಲ, ಹೊಲಿಗೆಯ ಕೆಳಗಿನ ಸ್ನಾಯುವಿನಲ್ಲಿ ಬೆಳೆಯುತ್ತದೆ.

6. ಕರಗುವ ದಾರದಿಂದ ಹೊಲಿಯಿರಿ. ಸ್ಟೀಲ್ ಕ್ಲಿಪ್ ಬೇಡವೇ ಬೇಡ.

ಪ್ರತಿ ತಂಡದಲ್ಲೂ ರಂಧ್ರ, ಸ್ಪಂಜು, ಮೇಣ ಎಲ್ಲ ಮಾಡಿ ಗಡ್ಡೆ ಮಾತ್ರ ಇಡದ ಮೊಲಗಳಿರಬೇಕು. ಇವಿಲ್ಲದೆ ಮುಂದಿನ ಚಿತ್ರಗಳನ್ನು ಓದಲಾಗದು.

ಕೈ ಪಳಗಲು ಜೀವಂತ ಪ್ರಾಣಿ ಬೇಕಿಲ್ಲ. ಮಟನ್ ಅಂಗಡಿಯಿಂದ ತಂದ ಕುರಿಯ ಬೆನ್ನುಮೂಳೆಯಲ್ಲಿ ಡ್ರಿಲ್ ಹಿಡಿತ ಕಲಿಯಬಹುದು; ಆಮೇಲೆ ಬೇರೆ ಪ್ರಯೋಗದಲ್ಲಿ ಸತ್ತ ಮೊಲದ ಶವದಲ್ಲಿ ಪೂರ್ತಿ ಕ್ರಮ ಮಾಡಿ, ಸಿಟಿಯಲ್ಲಿ ರಂಧ್ರ ಎಲ್ಲಿ ಬಿದ್ದಿದೆ ನೋಡಿ.

## ಹಂತ 8: ಮೊದಲ ವಾರ

ನೋವುನಿವಾರಕವನ್ನು ಗಡಿಯಾರ ನೋಡಿ ಕೊಡಿ, ಪ್ರಾಣಿ ನರಳಿದಾಗಲಲ್ಲ. ಮೊಲ ನೋವು ತೋರಿಸಿಕೊಳ್ಳುವುದಿಲ್ಲ. ನೋಡಬೇಕಾದದ್ದು ಹಿಕ್ಕೆ. ಗಾತ್ರ ಕುಗ್ಗಿತೆಂದರೆ, ಇಲ್ಲವೇ ನಿಂತೇ ಹೋಯಿತೆಂದರೆ ಅದೇ ಮೊದಲ ಸೂಚನೆ. ಹಸಿ ಕುದುರೆ ಮೆಂತೆ ಮುಂದಿಡಿ, ಅದನ್ನೂ ಮುಟ್ಟದಿದ್ದರೆ ಪಶುವೈದ್ಯರನ್ನು ಕರೆಯಿರಿ.

ಹಿಂಗಾಲಿನ ಶಕ್ತಿಗೆ ದಿನಾ ಒಂದೇ ಹೊತ್ತಿಗೆ ಅಂಕ ಹಾಕಿ: ಮೊಲಕ್ಕೆ ಟಾರ್ಲೋವ್ ಅಂಕ, ಇಲಿಗೆ 0ಯಿಂದ 21ರವರೆಗಿನ ಬಿಬಿಬಿ ಅಂಕ. ಹಾಕುವವರಿಗೆ ಯಾವ ಪ್ರಾಣಿ ಯಾವ ಗುಂಪಿನದೆಂದು ತಿಳಿದಿರಬಾರದು.

ಕಾಲು ಬಿದ್ದ ದಿನವೇ ಅರ್ಧ ಕಥೆ ಹೇಳುತ್ತದೆ. ಎರಡು ದಿನದೊಳಗೆ ಬಿದ್ದರೆ ಅದು ಗಡ್ಡೆಯಲ್ಲ, ಹುರಿಗೆ ತಗುಲಿದ ಪೆಟ್ಟು ಅಥವಾ ಒಳರಕ್ತಸ್ರಾವ. ಒಂದು ವಾರದ ಆಸುಪಾಸಿನಲ್ಲಿ ಊತ, ಜ್ವರದ ಜೊತೆ ಬಿದ್ದರೆ ಕೀವನ್ನು ಶಂಕಿಸಿ. ಚೇತರಿಸಿಕೊಂಡು ಸರಿಯಾಗಿ ಓಡಾಡಿ, ಎರಡನೇ ವಾರದ ನಂತರ ಮೆಲ್ಲಗೆ ಇಳಿಯುತ್ತ ಹೋದರೆ ಆಗ ಗಡ್ಡೆ ಎನ್ನಬಹುದು. ಗಡ್ಡೆ ಹಾಕದ ಮೊಲವೂ ತಲೆ ವಾಲಿಸಿ ಹಿಂಗಾಲು ಎಳೆದರೆ ಎನ್‌ಸೆಫಾಲಿಟೊಝೂನ್ ಎಂಬ ಪರಾವಲಂಬಿ ಜೀವಿಯ ಸೋಂಕನ್ನು ಪಶುವೈದ್ಯರಿಗೆ ನೆನಪಿಸಿ.

## ಹಂತ 9: ಬೆಳವಣಿಗೆಯ ಸ್ಕ್ಯಾನ್, ಮತ್ತು ಮೋಸ ಮಾಡುವ ಚಿತ್ರಗಳು

ಮೂರನೇ ದಿನ ಒಂದು ಸಿಟಿ, ರಂಧ್ರ ಎಲ್ಲಿದೆ ಎಂದು ತಿಳಿಯಲು. ಆಮೇಲೆ ವಾರಕ್ಕೊಂದು ಎಂಆರ್‌ಐ. ಸಾದಾ ಎಕ್ಸ್‌ರೇ ನೆಚ್ಚಿ ಕೂರಬೇಡಿ. ಮೂಳೆಯ ಖನಿಜ ಶೇ. 30–50ರಷ್ಟು ಕರಗುವವರೆಗೆ ಅದರಲ್ಲಿ ಏನೂ ಕಾಣದು. ಹಾಗೆಂದು ಸಿಟಿಯನ್ನೂ ಮತ್ತೆಮತ್ತೆ ಮಾಡಬೇಡಿ, ಕೂಡುತ್ತ ಹೋಗುವ ವಿಕಿರಣ ಗಡ್ಡೆಯ ಮೇಲೂ ಪರಿಣಾಮ ಬೀರಬಲ್ಲದು.

ಮೊದಲ ಎರಡು ವಾರ ಶಸ್ತ್ರಕ್ರಿಯೆಯ ಗಾಯವೂ ಕಾಂಟ್ರಾಸ್ಟ್ ಹೀರಿ ಹೊಳೆಯುತ್ತದೆ. ಗಡ್ಡೆ ಇಡದ ಮೊಲದ ಅದೇ ದಿನದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿ. ಅದರಲ್ಲೂ ಅಷ್ಟೇ ಹೊಳಪಿದ್ದರೆ ಸುಮ್ಮನಿರಿ. ಕೀವಿನ ಗಂಟು ಉಂಗುರದಂತೆ ಹೊಳೆಯುತ್ತದೆ, ನಡು ಸತ್ತ ಗಡ್ಡೆಯೂ ಹಾಗೆಯೇ; ಮೈಬಿಸಿ ಮತ್ತು ಗಾಯದ ಸ್ಥಿತಿ ನೋಡದೆ ಬರೀ ಚಿತ್ರದಿಂದ ತೀರ್ಮಾನಿಸಬೇಡಿ. ಟಿ2ರಲ್ಲಿ ಹುರಿಯೊಳಗೆ ಉದ್ದಕ್ಕೆ ಹರಡಿದ ಬಿಳುಪು ಬಹುಪಾಲು ನೀರೂತ. ಅದನ್ನೇ ಗಡ್ಡೆಯೆಂದು ಅಳೆದರೆ ಗಾತ್ರ ಹಿಗ್ಗುತ್ತದೆ. ಕಾಂಟ್ರಾಸ್ಟ್ ಹಿಡಿದ ಭಾಗವನ್ನು ಪ್ರತಿ ಸೀಳಿನಲ್ಲೂ ಸುತ್ತುಗೆರೆ ಎಳೆದು, ವಿಸ್ತೀರ್ಣವನ್ನು ದಪ್ಪದಿಂದ ಗುಣಿಸಿ ಕೂಡಿಸಿ. ಇಬ್ಬರು ಬೇರೆಬೇರೆಯಾಗಿ ಅಳೆಯಲಿ, ಕಡತದ ಹೆಸರಿನಲ್ಲಿ ಗುಂಪಿನ ಸುಳಿವು ಇರದಿರಲಿ.

## ಹಂತ 10: ನಿಲ್ಲಿಸುವ ಗೆರೆ

ತೂಕ ಶೇ. 20 ಇಳಿದರೆ, ಎರಡೂ ಹಿಂಗಾಲು ಪೂರ್ತಿ ಬಿದ್ದರೆ, ಮೇವು ಬಿಟ್ಟರೆ, ತನ್ನ ಕಾಲನ್ನು ತಾನೇ ಕಚ್ಚಿಕೊಂಡರೆ, ಅಂದೇ ದಯಾಮರಣ. "ಇನ್ನೊಂದು ಸ್ಕ್ಯಾನ್ ಆಗಲಿ, ಸ್ಲಾಟ್ ಶುಕ್ರವಾರ ಇದೆ" ಎಂಬ ಮಾತು ನಡೆಯದು. ಕಾಲು ಸೋತ ಪ್ರಾಣಿಗೆ ಮೂತ್ರ ಕಟ್ಟುತ್ತದೆ. ಕಿಬ್ಬೊಟ್ಟೆ ಮುಟ್ಟಿದರೆ ಗಟ್ಟಿ ಚೆಂಡು ಸಿಕ್ಕಂತಾದರೆ ದಿನಕ್ಕೆ ಎರಡು-ಮೂರು ಬಾರಿ ಮೆತ್ತಗೆ ಒತ್ತಿ ಖಾಲಿ ಮಾಡಿಸಬೇಕು, ಹಾಸು ಒಣಗಿರಬೇಕು. ರಾತ್ರಿ ಪಾಳಿಗೆ ಜನ ಇಲ್ಲದಿದ್ದರೆ ಕಾಲು ಪೂರ್ತಿ ಬೀಳುವವರೆಗೆ ಕಾಯುವ ಯೋಜನೆಯನ್ನೇ ಮಾಡಬೇಡಿ, ಗೆರೆಯನ್ನು ಇನ್ನೂ ಮುಂಚಿತವಾಗಿ ಎಳೆಯಿರಿ.

## ಹಂತ 11: ಚಿತ್ರಕ್ಕೆ ಅಂಗಾಂಶ ಹೊಂದಿಸುವುದು

ಶೇ. 4 ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಗಟ್ಟಿಗೊಳಿಸಿ, ಇಡಿಟಿಎಯಲ್ಲಿ ಮೂಳೆಯ ಸುಣ್ಣ ಕರಗಿಸಿ, ವಾರಗಟ್ಟಲೆ ಹಿಡಿಯುತ್ತದೆ. ಅವಸರಕ್ಕೆ ತೀಕ್ಷ್ಣ ಆಮ್ಲ ಹಾಕಿದರೆ ಕೋಶಗಳ ಬಣ್ಣ ಕೆಡುತ್ತದೆ. ಹೊರತೆಗೆಯುವ ಮೊದಲೇ ತಲೆಯ ಕಡೆಗೆ ಒಂದು ದಾರದ ಗಂಟು, ಬಲಗಡೆಗೆ ಇಂಡಿಯನ್ ಇಂಕ್ ಗುರುತು ಹಾಕಿ. ಸುಣ್ಣ ಕರಗಿದ ಮೂಳೆಯಲ್ಲಿ ಎಡಬಲ, ಮೇಲುಕೆಳಗು ಯಾರಿಗೂ ತಿಳಿಯುವುದಿಲ್ಲ. ಎಂಆರ್‌ಐಯ ಅಡ್ಡಸೀಳು ಯಾವ ಕೋನದಲ್ಲಿತ್ತೋ ಅದೇ ಕೋನಕ್ಕೆ ಕತ್ತರಿಸಲು ಪೆಥಾಲಜಿಯವರ ಪಕ್ಕದಲ್ಲಿ ಸ್ಕ್ಯಾನ್ ಹಿಡಿದು ನೀವೇ ನಿಲ್ಲಿ. ಉಳಿದ ಶವ ಜೈವಿಕ ವೈದ್ಯಕೀಯ ತ್ಯಾಜ್ಯದ ಹಳದಿ ಚೀಲಕ್ಕೆ, ತೂಕ ಬರೆದು.